ಎವಾಲ್ಡ್ ಕಟ್ಟಿದ ಬಾಯ್ಲರ್

ಅಕ್ಟೋಬರ್ ಮುಗಿಯುವ ಹೊತ್ತಿಗೆ ಬಾಯ್ಲರಿನ ಅಡಿಯಲ್ಲಿ ನೀರು ನಿಲ್ಲತೊಡಗಿತು. ಮೊದಲ ದಿನ ಗೌಹರ್ ಅದನ್ನು ಬೆಕ್ಕಿನ ಕೆಲಸ ಎಂದುಕೊಂಡು ಬೈದುಕೊಂಡೇ ಒರೆಸಿದಳು. ಮಾರನೆಯ ದಿನ ಒರೆಸಿದ ಜಾಗದಲ್ಲೇ ಮತ್ತೆ ನೀರು, ತುಕ್ಕಿನ ಬಣ್ಣದ್ದು. ಕರಗಂಡ ಪಟ್ಟಣದ ಆಚೆಗಿನ ಆ ಗಣಿಯೂರಿನಲ್ಲಿ ಚಳಿಗಾಲದ ನಡುವೆ ಬಾಯ್ಲರ್ ಕೈಕೊಟ್ಟರೆ, ಗೋಡೆಗುಂಟ ಹರಿಯುವ ಬಿಸಿನೀರಿನ ಕೊಳವೆಗಳೆಲ್ಲ ಹೆಪ್ಪುಗಟ್ಟಿ ಒಡೆಯುತ್ತವೆ. ಆಮೇಲೆ ಆ ಮನೆಯಲ್ಲಿ ನಾಯಿಯೂ ಮಲಗಲಾರದು.

ಬಾಯ್ಲರ್ ಇದ್ದದ್ದು ಅಡುಗೆಮನೆಯ ಹಿಂದೆ, ಮೆಟ್ಟಿಲಿಳಿದು ಹೋಗುವ ಕಿರುಕೋಣೆಯಲ್ಲಿ. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಕಲ್ಲಿದ್ದಲು ತಿನ್ನುವಂಥದ್ದು. ಅದನ್ನು ತುಂಡು ತುಂಡು ಬೆಸೆದು ಕಟ್ಟಿದವನು ಎವಾಲ್ಡ್ ಎಂಬ ಜರ್ಮನ್ ಮನುಷ್ಯ. ಗಣಿಯ ದೊಡ್ಡ ಬಾಯ್ಲರುಗಳಿಗೆ ಬೆಂಕಿ ಹಾಕುವುದೇ ಅವನ ಜೀವಮಾನದ ಕೆಲಸವಾಗಿತ್ತು. ಆ ಊರಿನಲ್ಲಿದ್ದ ಅವನ ಜರ್ಮನ್ ಜನರೆಲ್ಲ ಗುಳೆ ಎದ್ದು ಜರ್ಮನಿಗೆ ಹೊರಟ ವರ್ಷ ಅವನೂ ಮಗಳು ಎರ್ನಾಳ ಜೊತೆ ಹೊರಟ. ತನ್ನ ಈ ಮನೆಯನ್ನು ಗೌಹರಳ ಮಾವನಿಗೆ ಮಾರಿದ. ಮಾವ ಈಗಿಲ್ಲ. ಮನೆಯಲ್ಲಿದ್ದದ್ದು ಅತ್ತೆ ಕುಲ್ಯಾಶ್, ಗಂಡ ಎರ್ಮೆಕ್ ಮತ್ತು ಎಂಟು ಚಳಿಗಾಲಗಳ ಹಿಂದೆ ಸೊಸೆಯಾಗಿ ಬಂದ ಗೌಹರ್.

ಬೆಸುಗೆಯ ಸಾಪಾರ್ ಬಂದು, ಬಾಯ್ಲರಿನ ಹಿಂದೆ ತೆವಳಿ, ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಹಿಂಬದಿ ತಗಡು ಸವೆದು ಕಾಗದವಾಗಿದೆ, ಬೆಸುಗೆ ಹಾಕಿದರೆ ಹಾಕಬಹುದು, ಒಂದು ಚಳಿಗಾಲ ನಿಲ್ಲುತ್ತದೋ ನಾಲ್ಕು ನಿಲ್ಲುತ್ತದೋ ಹೇಳಲಾರೆ, ಹೊಸದು ತಂದರೆ ನೆಮ್ಮದಿ ಎಂದ. ಕೈ ಒರೆಸಿಕೊಳ್ಳುತ್ತ ಗೌಹರಳ ಕಡೆ ತಿರುಗಿದ.

"ಆದ್ರೂ ಇಷ್ಟ್ ವರ್ಷ ಬಾಳಿದ್ದು ನೋಡ್ಕೊಂಡೋರ ಕೈಗುಣ. ಒಳಗೆ ಮಸಿ ಅನ್ನೋದೇ ಇಲ್ಲ, ಬ್ರಷ್ ಹಾಕಿ ಉಜ್ಜಿದಾರೆ. ಯಾರಮ್ಮ, ನೀನಾ?"

"ನಾನಲ್ಲ. ನಮ್ಮತ್ತೆ," ಎಂದಳು ಗೌಹರ್, ಕಿವಿಯವರೆಗೂ ಕೆಂಪಾಗಿ.

ಈ ವಿಷಯ ಅವಳೊಳಗೆ ಮುರಿದ ಮುಳ್ಳಿನಂತೆ ಉಳಿದಿತ್ತು. ರಾತ್ರಿ ಕಲ್ಲಿದ್ದಲು ತುಂಬಿ ಮಲಗಿದರೆ ಬೆಳಗಿನ ಜಾವಕ್ಕೆ ಬೂದಿ ಕೆದಕಿ ತೆಗೆದು ಮತ್ತೆ ಬೆಂಕಿ ಎಬ್ಬಿಸಬೇಕು. ಅದು ಸೊಸೆಯ ಕೆಲಸ. ಮದುವೆಯಾಗಿ ಬಂದ ಮೊದಲ ವಾರ ಅವಳು ಕತ್ತಲಲ್ಲೇ ಎದ್ದು ಹೋದಾಗ ಬೂದಿ ತೆಗೆದಾಗಿತ್ತು, ಬೆಂಕಿ ಹೊತ್ತಿಕೊಂಡಿತ್ತು. ಇನ್ನೂ ಬೇಗ ಎದ್ದಳು. ಆಗಲೂ ಅಷ್ಟೇ. ಅತ್ತೆ ಒಂದು ಮಾತು ಆಡಲಿಲ್ಲ, ಇವಳೂ ಕೇಳಲಿಲ್ಲ. ಸೋಮಾರಿ ಸೊಸೆ ಎಂದು ಮನಸ್ಸಿನಲ್ಲಿ ಅಂದುಕೊಂಡಿರುತ್ತಾರೆ ಎಂದು ನಾಚಿಕೆಪಡುತ್ತಲೇ ಕ್ರಮೇಣ ಬೇಗ ಏಳುವುದನ್ನು ಬಿಟ್ಟಿದ್ದಳು.

ಆ ಸಂಜೆ ಹಾಲು ಹಾಕಿದ ಚಹಾ ಇಟ್ಟುಕೊಂಡು ಮೂವರೂ ಕೂತರು. ಎರ್ಮೆಕ್ ಹೊಸದನ್ನೇ ತರೋಣ ಎಂದ. ಕುಲ್ಯಾಶ್ ಒಪ್ಪಲಿಲ್ಲ. ಈ ಮನೆಗೆ ಬಂದಾಗಿನಿಂದ ಒಂದು ದಿನವೂ ತಾವು ಚಳಿಯಲ್ಲಿ ಎದ್ದಿಲ್ಲ, ಕಾಲನಿಯ ಹೊಸ ಬಾಯ್ಲರುಗಳು ಎರಡನೆಯ ಚಳಿಗಾಲಕ್ಕೇ ಬಾಯಿಬಿಟ್ಟಿವೆ, ಹಳೆಯದಕ್ಕೆ ಬೆಸುಗೆ ಹಾಕಿಸು ಎಂಬುದು ಅವಳ ವಾದ. ಮಾತಿಗೆ ಮಾತು ಬೆಳೆದು ಎರ್ಮೆಕ್ ಕೊನೆಗೆ ಅಂದ:

"ಅಮ್ಮಾ, ನಿನಗೋಸ್ಕರಾನೇ ಹೇಳ್ತಿರೋದು. ಈ ವಯಸ್ಸಲ್ಲಿ ಜಾವದಲ್ಲೆದ್ದು ಬೂದಿ ಎತ್ತಬೇಕಾ ನೀನು?"

ಕುಲ್ಯಾಶ್ ಬಟ್ಟಲನ್ನು ಕೆಳಗಿಟ್ಟಳು. "ನಾನೆಲ್ಲೋ ಎತ್ತಿದೀನಿ? ಮಂಡಿ ಹಿಡ್ಕೊಂಡ ಮೇಲೆ ಆ ಕೋಣೆ ಮೆಟ್ಟಿಲು ಇಳಿದೇ ಇಲ್ಲ. ಗೌಹರ್ ಮಾಡ್ತಾಳಲ್ಲ. ಇಂಥ ಸೊಸೆ ಸಿಕ್ಕಿದ್ಲು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ."

"ಅಪಾ, ನಾನು ಮಾಡಿಲ್ಲ," ಎಂದಳು ಗೌಹರ್. ಅತ್ತೆಯ ಕಡೆ ತಿರುಗಿದಳು. "ನೀವೇ ಅಂದ್ಕೊಂಡಿದ್ದೆ."

ಎರ್ಮೆಕ್ ಇಬ್ಬರ ಮುಖವನ್ನೂ ನೋಡಿ ನಕ್ಕುಬಿಟ್ಟ. "ಚೆನ್ನಾಗಿದೆ. ಎಂಟು ವರ್ಷ ಅತ್ತೆ ಸೊಸೆ ಒಬ್ಬರ ಹೆಸರು ಹೇಳ್ಕೊಂಡು ಇನ್ನೊಬ್ಬರು ಗೊರಕೆ ಹೊಡೆದ್ರಿ ಅನ್ನಿ." ಆಮೇಲೆ ನಗು ತಾನಾಗಿಯೇ ನಿಂತಿತು. ಅವನು ಜಾವದ ಪಾಳಿಗೆ ಬಸ್ಸು ಹೊಡೆಯುವವನು. ಎದ್ದವನು ನೇರ ಬಾಗಿಲಿಗೆ ಹೋಗುತ್ತಿದ್ದ, ಹಿಂದಿನ ಕೋಣೆಗೆ ತಲೆಹಾಕಿದವನೇ ಅಲ್ಲ. ಅದಕ್ಕೂ ಹಿಂದಿನ ಕಾಲದ್ದು ಕೇಳಿದರೆ, ಆಗೆಲ್ಲ ತನ್ನ ಗಂಡ ಮಾಡುತ್ತಾನೆ ಎಂದುಕೊಂಡಿದ್ದಾಗಿ ಕುಲ್ಯಾಶ್ ಹೇಳಿದಳು. ಅವನು ಒಮ್ಮೆ, ನೀನು ಇಷ್ಟು ಬೇಗ ಏಳಬೇಡ ಎಂದು ಗದರಿಸಿದ್ದು ಈಗ ನೆನಪಾಯಿತು. ಯಾಕೆ ಹಾಗಂದನೋ ಎಂದು ಆಗ ಅವಳಿಗೆ ಅರ್ಥವಾಗಿರಲಿಲ್ಲ.

ಅಡುಗೆಮನೆಯ ಆಚೆ ಬಾಯ್ಲರ್ ಮೆಲ್ಲಗೆ ಗುಯ್ಗುಡುತ್ತಿತ್ತು. ಯಾರೂ ಎದ್ದು ಹೋಗಿ ನೋಡಲಿಲ್ಲ.

ಗೌಹರಳಿಗೆ ನಿದ್ದೆ ಹತ್ತಲಿಲ್ಲ. ಎರ್ಮೆಕ್ ಕೆಲಸಕ್ಕೆ ಹೋದ ಸ್ವಲ್ಪ ಹೊತ್ತಿಗೆ ಎದ್ದು, ಶಾಲು ಹೊದ್ದು ಅಡುಗೆಮನೆಗೆ ಬಂದಳು. ಹಿಂದಿನ ಬಾಗಿಲು ಮುಚ್ಚಿತ್ತು. ಅದರಾಚೆ ಸಲಾಕೆ ಕಬ್ಬಿಣದ ಜಾಲರಿಗೆ ತಾಗುವ ಸದ್ದು, ಕರ್ರ್, ಕರ್ರ್, ಅವಸರವಿಲ್ಲದೆ. ಅವಳಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಸುಮ್ಮನೆ ತಮಾಷೆ ಮಾಡಿದ್ದಾರೆ ಎಂದುಕೊಂಡು ಹಿಡಿಕೆಗೆ ಕೈಹಾಕಿದಳು. ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಗಿ ತಿರುಗಿ ನೋಡಿದರೆ ಕುಲ್ಯಾಶ್ ಬರಿಗಾಲಲ್ಲಿ ನಿಂತಿದ್ದಳು.

ಒಳಗೆ ಸಲಾಕೆ ನಿಂತಿತು. ಯಾರೋ ಕೆಮ್ಮಿದರು. ಎದೆಯಾಳದಿಂದ ಬಂದ ಕೆಮ್ಮು, ಗಣಿಯ ಗಂಡಸರದ್ದು.

ಕುಲ್ಯಾಶ್ ಸೊಸೆಯ ಮುಂಗೈ ಹಿಡಿದುಕೊಂಡಳು. "ಈ ಕೆಮ್ಮು ನಂಗೊತ್ತು," ಎಂದು ಪಿಸುಗುಟ್ಟಿದಳು. "ಎವಾಲ್ಡ್. ಮನೆ ತೋರಿಸೋವಾಗ ಹಿಂಗೇ ಕೆಮ್ಮುತಿದ್ದ."

ಬಾಗಿಲು ತೆರೆದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಕೆಟ್ಟಿನಲ್ಲಿ ಬೂದಿ ಇನ್ನೂ ಕೆಂಪಗೆ ಮಿನುಗುತ್ತಿತ್ತು. ಹೊಸ ಕಲ್ಲಿದ್ದಲಿಗೆ ಆಗಷ್ಟೇ ಬೆಂಕಿ ತಗುಲಿ ನೀಲಿ ನಾಲಿಗೆಗಳು ಏಳುತ್ತಿದ್ದವು. ಗೌಹರ್ ಬಗ್ಗಿ ಬಾಯ್ಲರಿನ ಹಿಂದೆ ನೋಡಿದಳು. ಸೋರುವ ಜಾಗಕ್ಕೆ ಹಳೆಯ ಬಟ್ಟೆಯೊಂದನ್ನು ಹಿಂಡಿ, ಮಡಚಿ, ಒತ್ತಿ ತುರುಕಲಾಗಿತ್ತು.

ಅವನು ತೀರಿಕೊಂಡಿರಬೇಕು, ಎರ್ನಾ ನಮಗೆ ತಿಳಿಸಿಲ್ಲ ಅಷ್ಟೇ ಎಂದು ಕುಲ್ಯಾಶ್ ತೀರ್ಮಾನಿಸಿದಳು. ಬೆಳಗಾಗುತ್ತಲೇ ಎಣ್ಣೆ ಕಾಯಿಸಿ, ಸತ್ತವರ ಹೆಸರಲ್ಲಿ ಮಾಡುವ ರೊಟ್ಟಿ ಕರಿಯಲು ಕೂತಳು. ಅವನು ನಮ್ಮ ಮತದವನಲ್ಲವಲ್ಲ ಎಂದು ಎರ್ಮೆಕ್ ಕೆಲಸದಿಂದ ಬಂದು ಕೇಳಿದ್ದಕ್ಕೆ, ಹಸಿದವನಿಗೆ ಎಣ್ಣೆಯ ಘಮ ಸಾಕು, ಮತ ಯಾರು ಕೇಳುತ್ತಾರೆ ಎಂದು ಬಾಯಿ ಮುಚ್ಚಿಸಿದಳು. ಎರ್ನಾ ಪ್ರತಿ ಹೊಸವರ್ಷಕ್ಕೆ ಫೋನು ಮಾಡುತ್ತಿದ್ದವಳು. ಮಧ್ಯಾಹ್ನ ಅಲ್ಲಿ ಬೆಳಗಾಗಿರಬಹುದಾದ ಹೊತ್ತು ನೋಡಿ ಗೌಹರಳೇ ಫೋನು ಹಚ್ಚಿ, ತಂದೆಯವರು ಯಾವಾಗ ತೀರಿಕೊಂಡರು ಎಂದು ಹೇಗೆ ಕೇಳುವುದೆಂದು ತಿಳಿಯದೆ, ಅವರು ಹೇಗಿದ್ದಾರೆ ಎಂದಷ್ಟೇ ಕೇಳಿದಳು.

ಇದ್ದಾರೆ ಎಂದಳು ಎರ್ನಾ. ತೊಂಬತ್ತು ದಾಟಿದೆ, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಹಗಲೆಲ್ಲ ತೂಕಡಿಕೆ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ತಡೆದು ಮುಂದುವರಿದಳು.

"ಚಳಿಗಾಲ ಬಂತಂದ್ರೆ ಒಂದೇ ಕಷ್ಟ. ಬೆಳಿಗ್ಗೆ ಎದ್ದು ನೋಡಿದ್ರೆ ಅಪ್ಪನ ಕೈ ಮಸಿ. ಉಗುರಿನೊಳಗೆಲ್ಲ ಮಸಿ. ನಮ್ಮನೇಲಿ ಒಂದು ಬೆಂಕಿಕಡ್ಡಿ ಕೂಡ ಇಲ್ಲ ಕಣಮ್ಮ, ಒಲೆಯೂ ಕರೆಂಟಿಂದು. ಎಲ್ಲಿಂದ ಮೆತ್ಕೋತಾರೋ. ಡಾಕ್ಟ್ರು ನನ್ನನ್ನೇ ವಿಚಿತ್ರವಾಗಿ ನೋಡ್ತಾರೆ."

ಅಜ್ಜನ ಜೊತೆ ಒಂದು ಮಾತು ಆಡಬಹುದೇ ಎಂದು ಗೌಹರ್ ಕೇಳಿದಳು. ಫೋನು ಕೈ ಬದಲಾಯಿಸಿತು. ಅದೇ ಕೆಮ್ಮು, ಈಗ ಕಿವಿಯ ಹತ್ತಿರ.

"ಅಜ್ಜಾ, ನಾನು ಗೌಹರ್. ನಿಮ್ಮ ಹಳೇ ಮನೆಯಿಂದ. ಬಾಯ್ಲರ್ ಸೋರ್ತಿದೆ."

"ಹಿಂದ್ಗಡೆ, ಎಡಮೂಲೆ," ಎಂದ ಮುದುಕ. ಅವಳು ಎಲ್ಲಿ ಎಂದು ಹೇಳಿರಲಿಲ್ಲ. "ಬಟ್ಟೆ ತುರುಕಿದ್ದೆ. ನಿಲ್ಲಲಿಲ್ಲ ತಾನೆ?"

"ಇಲ್ಲ ಅಜ್ಜಾ." ಅವಳು ಗೋಡೆಗೆ ಒರಗಿಕೊಂಡಳು. "ರಿಪೇರಿ ಮಾಡಿಸು ಅಂತಾರೆ ನಮ್ಮತ್ತೆ. ಹೊಸದು ತರೋಣ ಅಂತಾರೆ ಇವರು. ನೀವೇನ್ ಹೇಳ್ತೀರಿ?"

ಮುದುಕ ಮತ್ತೆ ಕೆಮ್ಮಿದ.

"ಬೆಸುಗೆ ಹಾಕ್ಸಿದ್ರೆ ಇನ್ನೂ ನಡೆಯುತ್ತೆ. ನಾನಿದೀನಲ್ಲ. ಆದ್ರೆ ದೂರ ಕಣೇ ತಾಯಿ. ದಾರೀಲಿ ಗಾಳಿ ಬೇರೆ. ವಾಪಸ್ ಬರೋಷ್ಟ್ರಲ್ಲಿ ಕಾಲು ಬಿದ್ದೋಗಿರುತ್ತೆ."

"ಮತ್ತೆ ಯಾಕ್ ಬರ್ತೀರಿ ಅಜ್ಜಾ?"

"ಅದು ಉರೀತಿರೋವರೆಗೂ ನಿದ್ದೆ ಹತ್ತಲ್ಲ. ನಾನಾಗಿ ಬಿಡೋಕಾಗಲ್ಲ. ನೀವೇ ತೆಗೀಬೇಕು."

ಎರ್ನಾ ಫೋನು ತೆಗೆದುಕೊಂಡು, ಅಪ್ಪ ಏನೇನೋ ಬಡಬಡಿಸುತ್ತಾರೆ, ತಪ್ಪು ತಿಳಿಯಬೇಡಿ ಎಂದಳು.

ಗೌಹರ್ ಹೇಳಿದ್ದನ್ನೆಲ್ಲ ಕೇಳಿ ಎರ್ಮೆಕ್ ತಲೆ ಕೆರೆದುಕೊಳ್ಳುತ್ತ ಕೂತ. ಕುಲ್ಯಾಶ್ ಕರಿದ ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚಿದಳು. ಬದುಕಿರುವವನ ಹೆಸರಲ್ಲಿ ಕರಿದುಬಿಟ್ಟೆನಲ್ಲ ಎಂದು ಅವಳಿಗೆ ಕಸಿವಿಸಿ. ಬೆಸುಗೆಯ ಮಾತನ್ನು ಮತ್ತೆ ಎತ್ತಲಿಲ್ಲ. "ಮುದುಕನ್ನ ಇಷ್ಟ್ ವರ್ಷ ಜೀತಕ್ಕಿಟ್ಕೊಂಡಂಗಾಯ್ತು," ಎಂದಳು. "ಬೇಗ ತರ್ಸೋ."

ಹೊಸ ಬಾಯ್ಲರ್ ಬರುವ ಹಿಂದಿನ ಸಂಜೆ ಕುಲ್ಯಾಶ್ ಮಂಡಿ ಹಿಡಿದುಕೊಂಡೇ ಮೆಟ್ಟಿಲಿಳಿದು, ಕಲ್ಲಿದ್ದಲಿನ ರಾಶಿಯ ಪಕ್ಕ ಪೀಠವಿಟ್ಟು, ಅದರ ಮೇಲೆ ಫ್ಲಾಸ್ಕು, ಚಹಾದ ಬಟ್ಟಲು, ಒಂದು ತುಂಡು ರೊಟ್ಟಿ ಇಟ್ಟು ಬಂದಳು. ಮನೆಗೆ ಬಂದವರು ಬಾಯಿಗೆ ಏನೂ ಹಾಕದೆ ಹೋಗಬಾರದು. ಎರ್ಮೆಕ್ ಅಂದು ಕೆಲಸಕ್ಕೆ ರಜೆ ಹಾಕಿದ್ದ. ಜಾವದಲ್ಲಿ ಮೂವರೂ ಎಚ್ಚರವಿದ್ದರು, ಮೂವರೂ ಸಲಾಕೆಯ ಸದ್ದು ಕೇಳಿದರು. ಯಾರೂ ಹಾಸಿಗೆ ಬಿಡಲಿಲ್ಲ. ಕೆಲಸ ಮಾಡುವವನನ್ನು ಇಣುಕಿ ನೋಡುವುದು ಸರಿಯಲ್ಲ ಎನ್ನಿಸಿತ್ತು. ಬೆಳಕಾದ ಮೇಲೆ ಹೋದಾಗ ರೊಟ್ಟಿಯ ಅಂಚು ಮುರಿದಿತ್ತು. ಬರಿದಾದ ಬಟ್ಟಲು ಪಕ್ಕಕ್ಕೆ ಮಲಗಿತ್ತು, ಸಾಕು ಎನ್ನುವವರು ಮಲಗಿಸುವ ಹಾಗೆ.

ಸಾಪಾರ್ ಇನ್ನಿಬ್ಬರನ್ನು ಕರೆತಂದು ಹಳೆಯದನ್ನು ಕಳಚಿ ಅಂಗಳಕ್ಕೆ ಎಳೆದ. ಹೊಸದನ್ನು ಕೂರಿಸಿ, ಕೊಳವೆ ಜೋಡಿಸಿ, ನೀರು ತುಂಬಿಸುವಷ್ಟರಲ್ಲಿ ಸಂಜೆಯಾಯಿತು. ಗುಜರಿಯವನ ಲಾರಿ ಬಂದಾಗ ಎರ್ಮೆಕ್ ಟೋಪಿ ತೆಗೆದು ನಿಂತದ್ದನ್ನು ಗೌಹರ್ ಕಿಟಕಿಯಿಂದ ಕಂಡಳು.

ಮಾರನೆಯ ಬೆಳಿಗ್ಗೆ ಆ ಮನೆಯವರು ಮೊದಲ ಸಲ ಚಳಿಗೆ ಎದ್ದರು. ಬೆಂಕಿ ನಂದಿತ್ತು, ಬೂದಿ ಗಂಟಲವರೆಗೆ ತುಂಬಿತ್ತು.

ಕೆಲವು ದಿನ ಕಳೆದು ಎರ್ನಾಳೇ ಫೋನು ಮಾಡಿದಳು. ಡಾಕ್ಟರು ಗುಳಿಗೆ ಬದಲಾಯಿಸಿದ್ದು ಒಳ್ಳೆಯದಾಯಿತು, ಅಪ್ಪ ಬಿಸಿಲು ಬರುವವರೆಗೂ ಮಗುವಿನಂತೆ ಮಲಗುತ್ತಾರೆ, ಕೈ ಅಚ್ಚಬಿಳಿ ಎಂದು ಸಂತೋಷಪಟ್ಟಳು. ಗೌಹರ್ ಒಳ್ಳೆಯದಾಯಿತು ಎಂದಳು. ಮುದುಕ ಮತ್ತೂ ಎರಡು ಚಳಿಗಾಲ ಬದುಕಿದ.

ಈಗ ಜಾವದಲ್ಲಿ ಏಳುವವಳು ಗೌಹರ್. ಶಾಲು ಹೊದ್ದು ಅಡುಗೆಮನೆ ದಾಟಿ, ಆ ಬಾಗಿಲ ಮುಂದೆ ಬಂದಾಗ ತನಗೇ ಗೊತ್ತಿಲ್ಲದೆ ನಿಂತು ಕಿವಿಗೊಡುತ್ತಾಳೆ. ಒಳಗೆ ಏನೂ ಇರುವುದಿಲ್ಲ, ಯಾರೂ ಬಾರದ ಕತ್ತಲೆ ಮಾತ್ರ. ಸಲಾಕೆಯ ಸದ್ದು ಕೇಳುತ್ತ ನಿಂತ ಆ ಬೆಳಿಗ್ಗೆ ಕೂಡ ಅವಳು ಇಷ್ಟು ಹೆದರಿರಲಿಲ್ಲ. ಕೈಯನ್ನು ಮಾತ್ರ ಒಳಗೆ ಚಾಚಿ ದೀಪ ಹಾಕುತ್ತಾಳೆ. ಬೆಳಕು ತುಂಬಿದ ಮೇಲೆಯೇ ಮೆಟ್ಟಿಲಿಳಿಯುತ್ತಾಳೆ.