ಹನ್ನೊಂದನೇ ರೂಮು ಖಾಲಿ ಮಾಡುವ ಕ್ರಮ

ಆ ಆಸ್ಪತ್ರೆಯ ದೊಡ್ಡ ನರ್ಸು ಹೊಸಬರಿಗೆಲ್ಲ ಮೊದಲ ದಿನ ಹೇಳುತ್ತಿದ್ದ ಪಾಠ ಒಂದೇ. "ಮನುಷ್ಯ ಚರ್ಮಕ್ಕೆ ಮುಗಿಯೋದಿಲ್ಲ ಕಣ್ರೇ. ಅವನೂ ಅವನಿರೋ ರೂಮೂ ಸೇರಿ ಒಂದೇ ಜೀವ. ರೋಗಿ ಹೋದ್ಮೇಲೆ ಕಿಟಕಿ ತೆಗೆದು ಒಂದು ಗಂಟೆ ಹಾಗೇ ಬಿಡಿ. ಆಮೇಲೆ ಹಾಸಿಗೆ ಮೇಲೆ ಮುಟ್ಟದೇ ಅಂಗೈ ಆಡಿಸಿ. ಬಿಸಿ ತಾಗಿದ್ರೆ ಇನ್ನೂ ಯಾರೋ ಇದ್ದಾರೆ ಅಂತ."

ಡಾಕ್ಟರುಗಳು ಮುಸಿಮುಸಿ ನಗುತ್ತಿದ್ದರು. ನಕ್ಕವರಿಗೇನು, ಹಾಸಿಗೆ ಹಾಸುವವರು ಅವರೇ? ಅಲ್ಲೊಬ್ಬ ನರ್ಸು ಹತ್ತು ವರ್ಷ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ತಪ್ಪಿದ್ದು ಒಂದೇ ಸಲ, ಅದೂ ಸ್ವಂತ ಅಕ್ಕನ ವಿಷಯದಲ್ಲಿ.

ಅಕ್ಕ ಅಂದರೆ ಬರೀ ಅಕ್ಕನಲ್ಲ. ಅಮ್ಮ ಹೋದ ಮೇಲೆ ಜಡೆ ಹೆಣೆದು, ಬೈದು, ಬೆನ್ನಿಗೆರಡು ಗುದ್ದಿ ಸಾಕಿದವಳು. ಬಾಯಿ ತೆರೆದರೆ ಬೀದಿ ಕೊನೆಯವರೆಗೂ ಕೇಳುತ್ತಿತ್ತು. ಅವಳು ಅಪೆಂಡಿಕ್ಸ್ ನೋವಿನಿಂದ ಕಿರುಚುತ್ತಾ ಬಂದಾಗ, ಹನ್ನೊಂದನೇ ರೂಮಿನ ಗಡಿಯಾರ ರಿಪೇರಿ ಮುದುಕರು ತೀರಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ. ದೇಹವನ್ನಷ್ಟೇ ಸಾಗಿಸಿದ್ದರು. ತಂಗಿ ಗಡಿಬಿಡಿಯಲ್ಲಿ ಹಾಸಿಗೆಯ ಬಟ್ಟೆ ಬದಲಿಸಿ ಅಕ್ಕನನ್ನು ಮಲಗಿಸಿದಳು. ಕಿಟಕಿಯ ಚಿಲಕ ಮುಟ್ಟಲೇ ಇಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮೂರನೇ ದಿನಕ್ಕೆ ಜ್ವರವಿಲ್ಲ, ಹೊಲಿಗೆ ಒಣಗುತ್ತಿತ್ತು. ಆದರೆ ಅಕ್ಕ ಬೈಯುವುದನ್ನೇ ಬಿಟ್ಟಿದ್ದಳು. ಒಂದು ಕಣ್ಣು ಮುಚ್ಚಿಕೊಂಡು, ಹೊದಿಕೆಯ ಮೇಲಿಂದ ಏನನ್ನೋ ಎರಡೇ ಬೆರಳಲ್ಲಿ ಎತ್ತಿ ಎತ್ತಿ ಸಾಲಾಗಿ ಇಡುತ್ತಿದ್ದಳು.

"ಏನೇ ಅಕ್ಕ ಅದು?"

"ಸ್ವಲ್ಪ ಬೆಳಕು ಬಿಡಮ್ಮ," ಎಂದಳು ಅಕ್ಕ, ಮೆತ್ತಗೆ. "ಸಣ್ಣ ಸ್ಕ್ರೂ ಇದು. ಬಿದ್ರೆ ಸಿಗಲ್ಲ."

ತಂಗಿ ದೊಡ್ಡ ನರ್ಸಿನ ಹತ್ತಿರ ಓಡಿ ತಪ್ಪು ಒಪ್ಪಿಕೊಂಡಳು. ಆಕೆ ಬೈಯಲಿಲ್ಲ. ಅದನ್ನು ನೋಡಿಯೇ ತಂಗಿಗೆ ಕೆಲಸ ಕೆಟ್ಟಿದೆಯೆಂದು ಗೊತ್ತಾಯಿತು.

"ನಮ್ಮಕ್ಕ ವಾಪಸ್ ಸಿಗ್ತಾಳಾ ಮೇಡಂ?"

"ರೂಮಿಂದ ಆಚೆ ತಂದು ನೋಡು. ಆ ಮುದುಕರದ್ದು ಆ ರೂಮು, ನಿನ್ನ ಅಕ್ಕನದ್ದು ಆ ಮೈ. ಯಾರು ಎಲ್ಲಿ ಉಳೀತಾರೋ, ಅದು ನನ್ನ ಕೈಲಿಲ್ಲ."

ಹಾಡಹಗಲು, ಜನ ಓಡಾಡುವ ಹೊತ್ತು. ತಂಗಿ ಗಾಲಿಮಂಚವನ್ನು ತಳ್ಳಿಕೊಂಡು ಹೊಸಿಲು ದಾಟಿಸಿದಳು. ದಾರಿಯುದ್ದಕ್ಕೂ ಅಕ್ಕ ಅಕ್ಕ ಎಂದು ಕರೆಯುತ್ತಲೇ ಇದ್ದಳು. ಹೊರಗೆ ಬಂದದ್ದೇ ತಡ, ಮಂಚದಲ್ಲಿದ್ದವಳು ಎದ್ದು ಕುಳಿತು ಹಗುರಾಗಿ ಉಸಿರುಬಿಟ್ಟಳು.

"ದೊಡ್ಡ ಉಪಕಾರ ಆಯ್ತಮ್ಮ. ಅಂಗಡಿ ಬಾಗಿಲು ಹಾಕಿ ಎಷ್ಟು ದಿನ ಆಯ್ತೋ ಏನೋ."

ಅಷ್ಟರಲ್ಲಿ ಭಾವ ಡಿಸ್ಚಾರ್ಜ್ ಚೀಟಿ ಹಿಡಿದು ಬಂದರು. ಹೆಂಡತಿಯ ನಯವಾದ ಮಾತು ಕೇಳಿ ಅವರಿಗೆ ಖುಷಿಯೋ ಖುಷಿ. "ಪರವಾಗಿಲ್ವೇ, ಇವಳ ಬಾಯಿಗೂ ಒಂದು ಹೊಲಿಗೆ ಹಾಕಿದೀರಲ್ಲ!" ಎಂದು ನಕ್ಕು, ಕೈ ಹಿಡಿದು ಮೆಟ್ಟಿಲ ಕಡೆ ನಡೆಸಿಕೊಂಡು ಹೊರಟರು. ತಂಗಿಗೆ ಕೂಗಬೇಕೆನಿಸಿತು. ಏನೆಂದು ಕೂಗುವುದು, ಹೇಳಿ?

ಅವಳು ರೂಮಿಗೆ ಮರಳಿದಳು. ಮಂಚವಿದ್ದ ಜಾಗದಲ್ಲಿ ಬರಿಗಾಳಿ. ಅಂಗೈ ಚಾಚಿದಳು. ಜ್ವರ ಬಂದ ಮೈಯಂತೆ ಬಿಸಿ ತಾಗಿತು. ಆ ಬಿಸಿ ಅವಳ ಬೆನ್ನಿಗೆ ಎರಡು ಸಲ ಬಲವಾಗಿ ಗುದ್ದಿತು. ತಂಗಿ ಅಲ್ಲೇ ಕುಸಿದು ಗೊಳೋ ಎಂದು ಅತ್ತಳು.

ಆಯಾ ಪೊರಕೆ ಹಿಡಿದು ಬಂದು ಕಿಟಕಿಗೆ ಕೈ ಹಾಕಿದಳು. "ಹೊಸ ಪೇಷಂಟು ಕಾಯ್ತಾ ಇದ್ದಾರೆ ಸಿಸ್ಟರ್. ಗಾಳಿ ಆಡ್ಲಿ."

"ತೆಗೀಬೇಡ," ಎಂದು ತಂಗಿ ಚಿಲಕಕ್ಕೆ ಬೆನ್ನು ಕೊಟ್ಟು ನಿಂತಳು. "ನಿನ್ನ ಕಾಲಿಗೆ ಬೀಳ್ತೀನಿ, ತೆಗೀಬೇಡ."