ಸಾಹೇಬರ ಸರ್ವೀಸ್ ಕಾರ್ಡು

ನಾನು ಹೇಳುತ್ತಿರುವ ಕಾಲಕ್ಕೆ ನಮ್ಮ ಮನೆಯಲ್ಲಿ ಅರವತ್ತು ವರ್ಷದ ಗಂಡಸರು ಇಬ್ಬರಿದ್ದರು. ಒಬ್ಬರು ನನ್ನ ಗಂಡ, ಇನ್ನೊಬ್ಬರು ಬೆಕ್ಕು. ಬೆಕ್ಕಿನ ಹನ್ನೊಂದು ಮನುಷ್ಯರ ಅರವತ್ತಕ್ಕೆ ಸಮ ಎಂದು ಪಶುವೈದ್ಯರು ತಮ್ಮ ಗೋಡೆಯ ಮೇಲೆ ಪಟ್ಟಿ ಹಾಕಿಕೊಂಡಿದ್ದಾರೆ. ನಮ್ಮವರು ಅದರ ಫೋಟೊ ತೆಗೆದುಕೊಂಡು ಬಂದು ನನಗೆ ಮೂರು ಸಲ ತೋರಿಸಿದ್ದಾರೆ. ಈ ಇಬ್ಬರಲ್ಲಿ ಒಬ್ಬರಿಗೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ತೂಕ ಮಾಡಿದ ಊಟ, ಹಲ್ಲಿಗೆ ಬ್ರಷ್ಷು, ಕಾಲಕಾಲಕ್ಕೆ ಚುಚ್ಚುಮದ್ದು. ಇನ್ನೊಬ್ಬರು ಎದೆ ನೋವು ಬಂದರೆ ಸೋಡಾ ಕುಡಿದು ತೇಗುತ್ತಿದ್ದರು. ಯಾರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರು ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಎಷ್ಟೋ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರ್ ರೂಮುಗಳಲ್ಲಿ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಆಯಸ್ಸು ಕಳೆದರು. ಅಂಥದ್ದೇ ಒಂದು ರೂಮಿನಲ್ಲಿ, ಮೋಟಾರಿನ ಬೆಚ್ಚನೆಯ ಮಗ್ಗುಲಲ್ಲಿ, ಈ ಮರಿ ಸಿಕ್ಕಿತ್ತು. ಟೂಲ್ ಬ್ಯಾಗಿನಲ್ಲಿ ಸ್ಪ್ಯಾನರುಗಳ ನಡುವೆ ಕೂರಿಸಿಕೊಂಡು ತಂದು, "ಎರಡು ದಿನ ಇರ್ಲಿ ಕಣೆ" ಅಂದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಬೂದು ಮೈ, ಬಿಳಿ ಎದೆ, ಯಾರಿಗೂ ಸೊಪ್ಪು ಹಾಕದ ಗತ್ತು. ಸಾಹೇಬರು ಎಂದು ಹೆಸರಿಟ್ಟವಳು ನಾನು. ಮಕ್ಕಳಿಲ್ಲದ ಮನೆ, ಇರಲಿ ಬಿಡು ಎಂದು ಸುಮ್ಮನಾದೆನೇ ಹೊರತು ನನಗೂ ಸಾಹೇಬರಿಗೂ ಅಷ್ಟಕ್ಕಷ್ಟೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಬಿಗಿ-ಸಡಿಲ ಮಾಡಿಕೊಡುವವಳು. ಗಿರಾಕಿಯ ಕಪ್ಪು ಪ್ಯಾಂಟನ್ನು ಇಸ್ತ್ರಿ ಮಾಡಿ ಮಡಿಸಿಟ್ಟರೆ ಸಾಹೇಬರು ಅದರ ಮೇಲೆಯೇ ವಿರಮಿಸಿ, ಏಳುವಾಗ ಅದನ್ನು ಬೂದು ಪ್ಯಾಂಟು ಮಾಡಿ ಹೋಗುತ್ತಿದ್ದರು.

ಒಂಬತ್ತು ವರ್ಷ ಬೆಕ್ಕು ಬೆಕ್ಕಿನಂತೆಯೇ ಇತ್ತು. ಆಮೇಲೆ ಭಾವನವರು, ಅಂದರೆ ನಮ್ಮವರ ಅಣ್ಣ, ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ಅವರಿಗೆ ಅರವತ್ತೊಂದು. ನಮ್ಮ ಮಾವನವರು ಹೋದದ್ದೂ ಹಾಗೆಯೇ, ಅರವತ್ತಕ್ಕೆ. ಕೆಲವು ತಿಂಗಳ ನಂತರ ನಮ್ಮವರು ಒಂಟಿಯಾಗಿದ್ದ ಓರಗಿತ್ತಿಯ ಮನೆಗೆ ಹೋಗಿ, ನಾಲ್ಕು ದಿನ ಇದ್ದು, ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು ಎಲ್ಲ ಸರಿಮಾಡಿಕೊಟ್ಟು ಬಂದರು. ಬಂದ ಮಾರನೆಯ ದಿನವೇ ಸಾಹೇಬರ ಸೇವೆ ಶುರುವಾಯಿತು.

ಲಿಫ್ಟಿನೊಳಗೆ ತೂಗುಹಾಕಿರುವ ಕಾರ್ಡು ನೋಡಿರುತ್ತೀರಿ. ದಿನಾಂಕ, ಮಾಡಿದ ಕೆಲಸ, ಮೆಕ್ಯಾನಿಕ್ ಸಹಿ. ಹಳೆ ಕಂಪನಿಯಿಂದ ಅಂಥ ಖಾಲಿ ಕಾರ್ಡುಗಳ ಒಂದು ಕಟ್ಟನ್ನೇ ತಂದು, ಒಂದನ್ನು ಫ್ರಿಜ್ಜಿನ ಬಾಗಿಲಿಗೆ ತಗುಲಿಹಾಕಿದರು. "ಯಾವ ಯಂತ್ರನೂ ವಯಸ್ಸಾಗಿ ನಿಲ್ಲಲ್ಲ ಕಣೆ. ನೋಡ್ಕೊಳ್ಳೋರಿಲ್ದೆ ನಿಲ್ಲುತ್ತೆ" ಎಂದು ಉಪದೇಶ ಬೇರೆ. ಬೀದಿಯಲ್ಲಿ ಅಲೆಯುವ ಬೆಕ್ಕು ನಾಲ್ಕೈದು ವರ್ಷ ಬದುಕಿದರೆ ಹೆಚ್ಚಂತೆ, ಮನೆಯೊಳಗೇ ಇಟ್ಟು ಜೋಪಾನ ಮಾಡಿದರೆ ಹದಿನೈದು, ಇನ್ನೂ ಜೋಪಾನ ಮಾಡಿದರೆ ಇಪ್ಪತ್ತಂತೆ. ಇಪ್ಪತ್ತು ಮುಟ್ಟಿಸಲೇಬೇಕು ಎಂದು ನಮ್ಮವರು ಪಣ ತೊಟ್ಟರು.

ಕಿಟಕಿಗಳಿಗೆಲ್ಲ ಬಲೆ ಬಿತ್ತು. ಬೆಕ್ಕಿಗೆ ಊಟದ ಪಕ್ಕದಲ್ಲಿ ನೀರಿಟ್ಟರೆ ಮನಸ್ಸಾಗುವುದಿಲ್ಲವಂತೆ, ನೀರು ಕುಡಿಯದಿದ್ದರೆ ಮೂತ್ರಪಿಂಡ ಹೋಗುತ್ತದಂತೆ. ಹಾಗಾಗಿ ಮೂರು ಕೋಣೆಯಲ್ಲಿ ಮೂರು ಬಟ್ಟಲು ನೀರು, ಮೂರನ್ನೂ ಒಂದೊಂದು ಸಲ ನಾನು ಎಡವಿದ್ದೇನೆ. ಹಾಲು ಬಂದ್, ಏಕೆಂದರೆ ದೊಡ್ಡ ಬೆಕ್ಕುಗಳಿಗೆ ಅದು ಅರಗುವುದಿಲ್ಲ. ನನ್ನ ಅಡುಗೆಯಲ್ಲಿ ಬಿದ್ದ ಈರುಳ್ಳಿ ಸಿಪ್ಪೆ ನೆಲದ ಮೇಲೆ ಕಂಡರೆ ಮನೆಯಲ್ಲಿ ವಿಷ ಸಿಕ್ಕಿದಂತೆ ತನಿಖೆ. ಗಿರಾಕಿಯೊಬ್ಬಳು ಪ್ರೀತಿಯಿಂದ ಕೊಟ್ಟ ಹೂಗೊಂಚಲು ಸಂಜೆಯೊಳಗೆ ಕಸದ ಡಬ್ಬಿ ಸೇರಿತು, ಅದರಲ್ಲಿದ್ದ ಲಿಲ್ಲಿ ಹೂವಿನ ಪುಡಿ ನೆಕ್ಕಿದರೂ ಬೆಕ್ಕು ಸಾಯುತ್ತದೆ ಎಂದು. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನನಗೆ ಯಾರಾದರೂ ಹೂಗೊಂಚಲು ಕೊಟ್ಟದ್ದು ಅದೊಂದೇ ಸಲ. ಕೊಟ್ಟವರು ಇವರಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಸಂಜೆ ಐದಕ್ಕೆ ವ್ಯಾಯಾಮ. ಕೋಲಿಗೆ ದಾರ ಕಟ್ಟಿ, ದಾರಕ್ಕೆ ನನ್ನ ಬಟ್ಟೆ ಚೂರು ಕಟ್ಟಿ, ನಮ್ಮವರು ಕೋಣೆಯಿಂದ ಕೋಣೆಗೆ ಓಡುವುದು, ಸಾಹೇಬರು ಮನಸ್ಸಾದರೆ ಹಿಂದೆ ಓಡುವುದು. ಹೆಚ್ಚಾಗಿ ಮನಸ್ಸಾಗುತ್ತಿರಲಿಲ್ಲ. ಸೋಫಾ ಮೇಲೆ ಕುಳಿತು ತಮ್ಮ ಮುದುಕ ಓಡುವುದನ್ನು ನೋಡುತ್ತಿದ್ದರು. ಕಾಲು ಗಂಟೆಯ ನಂತರ ಸಾಹೇಬರ ಉಸಿರು ಸರಿಯಾಗಿಯೇ ಇರುತ್ತಿತ್ತು. ನಮ್ಮವರು ಗೋಡೆಗೆ ಕೈಕೊಟ್ಟು ನಿಂತಿರುತ್ತಿದ್ದರು, ಹಣೆಯ ಮೇಲೆ ತಣ್ಣನೆಯ ಬೆವರು.

"ಏನಾಗ್ತಿದೆ ರೀ?"

"ಗ್ಯಾಸ್ ಅಷ್ಟೇ ಕಣೆ."

ಎಂಟು ತಿಂಗಳಿಂದ ನಾನು ಇದನ್ನು ನೋಡುತ್ತಿದ್ದೆ, ಎಂಟು ತಿಂಗಳಿಂದ ಅದು ಗ್ಯಾಸೇ ಆಗಿತ್ತು. ಅಪ್ಪ ಅರವತ್ತಕ್ಕೆ, ಅಣ್ಣ ಅರವತ್ತೊಂದಕ್ಕೆ ಹೋದ ಮನೆಯಲ್ಲಿ ಇವರಿಗೆ ಅರವತ್ತು ತುಂಬಿದೆ, ಎದೆ ನೀವಿಕೊಳ್ಳುತ್ತಾರೆ. ನನಗೆ ಭಯವಾಗುತ್ತಿತ್ತು. ಹೊಲಿಯುತ್ತಾ ಕುಳಿತವಳು ಒಳಗೆ ಏನಾದರೂ ಬಿದ್ದ ಸದ್ದಾದರೆ ಸೂಜಿ ಬಿಟ್ಟು ಓಡುತ್ತಿದ್ದೆ. ಹೃದಯದ ಆಸ್ಪತ್ರೆಯಲ್ಲಿ ಮೂರು ಸಲ ಸಮಯ ಗೊತ್ತುಮಾಡಿದೆ. ಮೊದಲನೆಯ ಸಲ ಸಾಹೇಬರಿಗೆ ಚುಚ್ಚುಮದ್ದಿನ ದಿನ ಎಂದರು. ಎರಡನೆಯ ಸಲ ಸಾಹೇಬರು ಬೆಳಿಗ್ಗೆಯಿಂದ ಮಂಕಾಗಿದ್ದಾರೆ ಎಂದರು. ಮೂರನೆಯ ಸಲ ಬೇರೆ ನೆಪ ಸಿಗಲಿಲ್ಲವೋ ಏನೋ, ಬಾಯಿ ಬಿಟ್ಟರು.

"ಡಾಕ್ಟರ್ ಹತ್ರ ಹೋದ್ರೆ ಇಲ್ಲದ ಕಾಯಿಲೆ ಹುಟ್ಟಿಸ್ತಾರೆ ಕಣೆ."

"ಮತ್ತೆ ಬೆಕ್ಕಿಗೆ?"

"ಬೆಕ್ಕುಗಳು ನೋವು ಹೇಳ್ಕೊಳ್ಳಲ್ಲ. ಮುಚ್ಚಿಡ್ತವೆ. ನಾವೇ ಮೊದಲೇ ಕಂಡುಹಿಡೀಬೇಕು."

ಇದನ್ನು ಅವರು ನನ್ನ ಮುಖ ನೋಡಿಕೊಂಡು, ಒಂದು ಚೂರೂ ನಗದೆ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅದಾದ ಎರಡು ವಾರಕ್ಕೆ ಸಾಹೇಬರ ಅರ್ಧವಾರ್ಷಿಕ ತಪಾಸಣೆ ಬಂತು. ಎಂದೂ ಕರೆಯದವರು ಅವತ್ತು ನನ್ನನ್ನು ಕರೆದರು. ಎಡಗೈ ಜೋಮು ಹಿಡಿದಿದೆ, ಮಲಗುವಾಗ ಒತ್ತಿತ್ತು, ಬೆಕ್ಕಿನ ಬುಟ್ಟಿ ಹಿಡಿದುಕೊಳ್ಳಲು ಬಾ ಎಂದರು. ಎಡಗೈ ಅಂದೊಡನೆ ಕೈಯಲ್ಲಿದ್ದ ಹೊಲಿಗೆ ಬಿಟ್ಟು ಚಪ್ಪಲಿ ಮೆಟ್ಟಿದೆ. ಪಶುವೈದ್ಯರ ಕ್ಲಿನಿಕ್ಕು ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ನಮ್ಮವರು ಅದರ ಬಾಗಿಲ ಸಂದಿಯಲ್ಲಿ ಇಣುಕಿ, "ಗ್ರೀಸ್ ಕಂಡು ಎಷ್ಟು ವರ್ಷ ಆಯ್ತೋ. ಹೀಗೆ ಬಿಟ್ರೆ ಇನ್ನೇನಾಗುತ್ತೆ" ಎಂದು ಮರುಗಿ, ಎದೆ ನೀವಿಕೊಂಡು, ಮೆಟ್ಟಿಲು ಹತ್ತಿದರು. ನಾನು ಬುಟ್ಟಿಗೆ ಕೈಹಾಕಿದರೆ ಬಿಡಲಿಲ್ಲ. ನಾನು ಅಲುಗಾಡಿಸುತ್ತೇನಂತೆ, ಸಾಹೇಬರ ಬಿಪಿ ಏರುತ್ತದಂತೆ.

ಪಶುವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಸಾಹೇಬರ ಮುಂಗಾಲಿಗೆ ಬೆರಳಗಲದ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು, ಹಲ್ಲು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ತೂಗಿದಳು, ಪರೀಕ್ಷೆಗೆ ರಕ್ತ ತೆಗೆದುಕೊಂಡಳು. ಸಾಹೇಬರು ಮೇಜಿನ ಮೇಲೆ ತಪಾಸಣೆಗೆ ತಾವೇ ಬಂದ ಅಧಿಕಾರಿಯಂತೆ ಕೂತಿದ್ದರು. ಆಮೇಲೆ ಅವಳು ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಂಡು ನಮ್ಮವರ ಕಡೆ ತಿರುಗಿದಳು. ಮೆಟ್ಟಿಲು ಹತ್ತಿ ಹತ್ತು ನಿಮಿಷವಾಗಿದ್ದರೂ ಅವರ ಅಂಗಿ ಬೆನ್ನಿಗಂಟಿತ್ತು, ತುಟಿ ಬಿಳಿಚಿತ್ತು.

"ಅಂಕಲ್, ಬೆಕ್ಕು ಚೆನ್ನಾಗಿದೆ. ನಿಮಗೇನಾಗಿದೆ?"

"ಗ್ಯಾಸು."

"ನಾನು ಪ್ರಾಣಿಗಳ ಡಾಕ್ಟರು. ಆದ್ರೂ ಇದು ಗ್ಯಾಸಲ್ಲ ಅಂತ ಗೊತ್ತಾಗುತ್ತೆ. ಎದುರು ರಸ್ತೆ ಕೊನೇಲೇ ಹಾರ್ಟ್ ಆಸ್ಪತ್ರೆ ಇದೆ, ಈಗಲೇ ಹೋಗಿ."

"ನೋಡೋಣ, ನಾಳೆ ನಾಡಿದ್ದು. ಇವನ ಕಿಡ್ನಿ ರಿಪೋರ್ಟ್ ಯಾವಾಗ ಬರುತ್ತೆ?"

ಆ ಹುಡುಗಿ ನನ್ನನ್ನು ನೋಡಿದಳು. ನಾನು ಕೈ ಚೆಲ್ಲಿದೆ. ಅವಳು ಉಸಿರುಬಿಟ್ಟು, ಕಡತ ತೆರೆದು, "ಸರಿ, ರಿಪೋರ್ಟ್ ಬಂದಾಗ ಎಂದಿನಂತೆ ಆಂಟಿ ನಂಬರಿಗೇ ಕಳಿಸ್ತೀವಿ" ಅಂದಳು.

ನನ್ನ ನಂಬರಿಗೆ ಯಾವುದೋ ಕ್ಲಿನಿಕ್ಕಿನಿಂದ ಆಗಾಗ ಏನೇನೋ ಬರುತ್ತಿದ್ದವು. ಸಾಹೇಬರ ರಿಪೋರ್ಟನ್ನು ಇವರು ಕಾಗದದಲ್ಲೇ ತರುತ್ತಿದ್ದುದರಿಂದ ನಾನು ಅವನ್ನು ಓದದೆ ಅಳಿಸುತ್ತಿದ್ದೆ, ತಪ್ಪಿ ಬಂದಿರಬೇಕೆಂದು. ಕಡತ ಈಚೆಗೆ ತಿರುಗಿಸಿ ನೋಡಿದೆ. ಮಾಲೀಕರು ಅನ್ನುವ ಕಡೆ ನನ್ನ ಹೆಸರು. ಫೋನು ನನ್ನದು. ತುರ್ತಿಗೆ ಯಾರನ್ನು ಕರೆಯಬೇಕು ಅನ್ನುವ ಕಡೆಯೂ ನಾನೇ. ಒಂದೂವರೆ ವರ್ಷದ ಹಿಂದಿನ ತಾರೀಖು, ಅವರದೇ ದುಂಡು ಅಕ್ಷರ. ಅವರ ಹೆಸರು ಇಡೀ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಹೊರಗೆ, ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಅವರನ್ನು ಕೂರಿಸಿದೆ. ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು.

"ಯಾಕ್ರೀ ನನ್ನ ಹೆಸರು?"

"ಯಾರದ್ದಾದ್ರೂ ಒಂದು ಹೆಸರು ಬರೀಬೇಕಲ್ಲ."

"ಸುಳ್ಳು ಬೇಡ."

ಅವರು ಬುಟ್ಟಿಯ ಬಾಗಿಲಿನ ಚಿಲಕ ತಿರುಗಿಸತೊಡಗಿದರು.

"ಅಪ್ಪ ಅರವತ್ತು. ಅಣ್ಣ ಅರವತ್ತೊಂದು. ನಾನೂ ಅದೇ ಕಂಪನಿ ಮಾಲು ಕಣೆ. ನನ್ನ ತಯಾರಿಕೆಯೇ ಅಷ್ಟು. ಅದಕ್ಕೆ ನಾನೇನೂ ಮಾಡೋಕಾಗಲ್ಲ." ಆಮೇಲೆ ಸ್ವರ ತಗ್ಗಿಸಿ, "ಅತ್ತಿಗೆ ಮನೆಗೆ ಹೋಗಿದ್ನಲ್ಲ, ಅವತ್ತು ಸಿಂಕ್ ಕೆಳಗೆ ಮಲಗಿ ಪೈಪ್ ಬಿಗಿ ಮಾಡ್ತಿದ್ದೆ. ನಾನಿರೋದು ಅವರಿಗೆ ಮರೆತುಹೋಗಿತ್ತು. ಫ್ರಿಜ್ ಜೊತೆ ಮಾತಾಡ್ತಿದ್ರು ಕಣೆ. 'ಇವತ್ತು ಯಾಕೆ ಇಷ್ಟು ಸದ್ದು ಮಾಡ್ತಿದ್ದೀಯ' ಅಂತ ಕೇಳಿ, ಉತ್ತರಕ್ಕೆ ಕಾಯ್ತಾ ನಿಂತಿದ್ರು" ಅಂದರು.

ನಾನು ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದೆ.

"ಮನೇಲಿ ಇನ್ನೊಂದು ಉಸಿರು ಅಂತ ಇರ್ಬೇಕು. ಇದನ್ನ ಇಪ್ಪತ್ತರವರೆಗೆ ಎಳೆದ್ರೆ ನಿನಗೆ ಇನ್ನೂ ಒಂಬತ್ತು ವರ್ಷ ಜೊತೆಗಿರುತ್ತೆ. ಅಷ್ಟರಲ್ಲಿ ನಿನಗೂ ಒಂಟಿ ಇರೋದು ಅಭ್ಯಾಸ ಆಗಿರುತ್ತೆ."

ಅಂದರೆ ಇಷ್ಟು ದಿನ ಈ ಮಹಾನುಭಾವರು ತೂಗಿದ ಊಟ, ತಿಕ್ಕಿದ ಹಲ್ಲು, ಕಟ್ಟಿದ ಬಲೆ ಎಲ್ಲ ನನಗಾಗಿ. ತಾವು ಹೋಗುವುದು ಖಾಯಂ ಎಂದುಕೊಂಡು, ತಮ್ಮ ಜಾಗಕ್ಕೆ ಬೆಕ್ಕನ್ನು ತಯಾರು ಮಾಡುತ್ತಿದ್ದರು. ಎಂಥ ಏರ್ಪಾಡು ನೋಡಿ. ಹೆಂಡತಿಗೆ ಬೆಕ್ಕು ಕಂಡರೆ ಆಗುವುದಿಲ್ಲ ಅನ್ನುವ ಒಂದು ಸಣ್ಣ ವಿಷಯ ಬಿಟ್ಟು ಮಿಕ್ಕೆಲ್ಲ ಯೋಚಿಸಿದ್ದರು. ನಗು ಬರಬೇಕಿತ್ತು. ಬಂದದ್ದು ಸಿಟ್ಟು, ಅಂಥ ಸಿಟ್ಟು ನನಗೆ ಹಿಂದೆ ಎಂದೂ ಬಂದಿರಲಿಲ್ಲ.

"ಸರಿಯಾಗಿ ಕೇಳಿಸ್ಕೊಳ್ಳಿ" ಅಂದೆ. "ನೀವು ಹೋದ ಮಾರನೇ ದಿನ ಆ ಬಲೆ ಎಲ್ಲ ಕಿತ್ತುಹಾಕ್ತೀನಿ. ಬಾಗಿಲು ತೆಗೆದು ಇದನ್ನ ಬೀದಿಗೆ ಬಿಡ್ತೀನಿ. ಒಂದು ತೊಟ್ಟು ನೀರು ಇಡಲ್ಲ, ಒಂದು ತುತ್ತು ಹಾಕಲ್ಲ. ಒಂಬತ್ತು ವರ್ಷ ಅಲ್ಲ, ಒಂಬತ್ತು ದಿನ ಬದುಕಿದ್ರೆ ಕೇಳಿ. ಇದು ಬದುಕ್ಬೇಕು ಅಂದ್ರೆ ನೀವಿರ್ಬೇಕು. ನನಗೆ ಬೆಕ್ಕು ಬೇಡ ರೀ. ನನಗೆ ನೀವು ಬೇಕು."

ಅವರು ನನ್ನ ಮುಖವನ್ನು ಲಿಫ್ಟಿನ ಹಗ್ಗ ಪರೀಕ್ಷಿಸುವಂತೆ ಎಳೆಎಳೆಯಾಗಿ ನೋಡಿದರು.

"ನಿಜವಾಗ್ಲೂ ಬಿಟ್ಬಿಡ್ತೀಯ?"

"ಬಿಡ್ತೀನಿ."

ಬಿಡುತ್ತಿರಲಿಲ್ಲ. ಆದರೆ ಅದು ಅವರಿಗೆ ತಿಳಿಯಬೇಕಾದ ಅಗತ್ಯವಿರಲಿಲ್ಲ. ಸಾಹೇಬರು ಬುಟ್ಟಿಯೊಳಗಿಂದ ಒಮ್ಮೆ ಕೂಗಿದರು. ನಮ್ಮವರು ಬೆಂಚಿಗೆ ಕೈಯೂರಿ ಎದ್ದರು. ಈ ಸಲ ಬುಟ್ಟಿಯನ್ನು ನನ್ನ ಕೈಗೇ ಕೊಟ್ಟರು.

ರಸ್ತೆಯ ಕೊನೆಯ ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ತಡೆದ. ಪ್ರಾಣಿಗಳನ್ನು ಒಳಗೆ ಬಿಡುವಂತಿಲ್ಲ ಎಂದ. "ಇವರು ರೋಗಿ ಕಡೆಯವರು" ಅಂದೆ. ಅವನು ನನ್ನನ್ನು, ನಮ್ಮವರ ಮುಖದ ಬಣ್ಣವನ್ನು ನೋಡಿ, ವಾದಕ್ಕೆ ನಿಲ್ಲದೆ ಬುಟ್ಟಿಯನ್ನು ತನ್ನ ಮೇಜಿನ ಕೆಳಗೆ ಸರಿಸಿಕೊಂಡು, ಗಾಲಿಕುರ್ಚಿ ತರಿಸಿದ.

ಎದೆಗೆ ತಂತಿಗಳನ್ನು ಅಂಟಿಸಿ ತೆಗೆದ ಕಾಗದವನ್ನು ಡಾಕ್ಟರು ಉದ್ದಕ್ಕೆ ಹಿಡಿದು ಓದಿದರು. ಓದುತ್ತಲೇ ಕೇಳಿದರು, "ನೋವು ಎಷ್ಟು ದಿನದಿಂದ ಇದೆ?"

ಇವರು ಎರಡು ದಿನ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಎಂಟು ತಿಂಗಳು ಎಂದು ಹೇಳಲು ಬಾಯಿ ತೆರೆದಿದ್ದೆ.

"ಒಂದೂವರೆ ವರ್ಷ" ಅಂದರು ನಮ್ಮವರು, ಡಾಕ್ಟರಿಗಲ್ಲ, ನನಗೆ. "ಅತ್ತಿಗೆ ಮನೆ ಸಿಂಕ್ ಕೆಳಗಿಂದ ಏಳೋವಾಗ ಮೊದಲನೇ ಸಲ ಬಂತು."

ಒಂದೂವರೆ ವರ್ಷ ನನ್ನ ಎದುರು ಕೂತು ಊಟ ಮಾಡಿ, ನನ್ನ ಪಕ್ಕದಲ್ಲಿ ಮಲಗಿ ಎದ್ದು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು.

"ನನಗೆ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ದಿದ್ರೆ ನೀನು ಅವತ್ತಿಂದಲೇ ಹೆದರ್ಕೊಂಡು ಬದುಕ್ಬೇಕಿತ್ತು."

"ಮತ್ತೆ ನಾನು ಬದುಕ್ತಿದ್ದದ್ದು ಹೇಗೆ ಅಂದ್ಕೊಂಡಿದ್ರಿ?"

ಅವರು ತಂತಿ ಅಂಟಿಸಿದ್ದ ಕೈಯನ್ನು ಮುಂದೆ ಚಾಚಿದರು. ಆ ಕೈ ಹಿಡಿದುಕೊಂಡು, ಡಾಕ್ಟರ ಎದುರಿಗೇ, ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಬೈಯುತ್ತಾ ಬೈಯುತ್ತಾ ಅಳು ಬಂತು, ಅತ್ತೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನಾನು ಮುಗಿಸುವವರೆಗೆ ಕಾದರು. ಆಮೇಲೆ, ಹೃದಯದ ರಕ್ತನಾಳ ಮುಚ್ಚಿಕೊಂಡಿರುವ ಹಾಗೆ ಕಾಣುತ್ತದೆ, ತೆರೆಯಬಹುದು, ಇವತ್ತೇ ದಾಖಲಾಗಲಿ ಎಂದರು. ನಮ್ಮವರು ಹೂಂ ಅಂದರು.