ಹುಣಸೆಮರದಾಚೆ ಮುತ್ತ

೧೯೭೩ರಲ್ಲಿ ಹುಣಸೂರಿನ ಹೈಸ್ಕೂಲು ಹುಡುಗರಿಗೆ ಸೈಕಲ್ ರೇಸ್ ಇಟ್ಟರು. ವೀರನಹೊಸಹಳ್ಳಿಯ ಕಾಡಿನ ಗೇಟು ಮುಟ್ಟಿ ವಾಪಸು ಬರಬೇಕು. ಕಾಡಂಚಿನ ಗಿರಿಜನರ ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಮುತ್ತ ಅಲ್ಲಿನ ಅಡುಗೆಯವರ ಸೈಕಲ್ ಕೇಳಿ ತಂದಿದ್ದ. ಸೀಟು ಎತ್ತರ, ನಿಂತೇ ತುಳಿಯುತ್ತಿದ್ದ. ಆದರೂ ಗೇಟು ಮುಟ್ಟಿ ಹೊರಟಾಗ ಉಳಿದವರು ಇನ್ನೂ ಗೇಟಿನತ್ತ ಬರುತ್ತಿದ್ದರು.

ಅಷ್ಟರಲ್ಲಿ ರಸ್ತೆಯ ನಡುವೆ ಒಂಟಿ ಆನೆ. ಮುತ್ತ ಇಳಿದು, ಸದ್ದಾಗದಂತೆ ಸೈಕಲ್ ಹಿಂದಕ್ಕೆಳೆದು ಮರದ ಮರೆಗೆ ನಿಂತ. ಸ್ವಲ್ಪ ಹೊತ್ತಿಗೆ ಗೌಡರ ಮಗ ನಂಜುಂಡಸ್ವಾಮಿ, ಅವನ ಗೆಳೆಯ ಚಿಕ್ಕಮಾದು ಗೇಟು ಮುಟ್ಟಿಕೊಂಡು ಹಿಂದಿನಿಂದ ಏದುಸಿರು ಬಿಡುತ್ತಾ ಬಂದರು. ಮುತ್ತ ಕೈಯಡ್ಡ ಹಿಡಿದು ತಡೆದ. ಆನೆ ಬಿದಿರು ಮುರಿದು ತಿಂದು, ಪುರುಸೊತ್ತಿನಲ್ಲಿ ಕಾಡಿಗಿಳಿಯಿತು.

"ಈಗ ಮೂವರೂ ಒಟ್ಗೇ ಓಗಾನ," ಎಂದ ಚಿಕ್ಕಮಾದು.

"ಅದೆಂಗ್ಲಾ? ಇವ್ನು ಎಷ್ಟು ಮುಂದಿದ್ದ!" ಎಂದ ನಂಜುಂಡಸ್ವಾಮಿ. "ಮುತ್ತ, ನೀ ಓಗು. ತಿರುವಿನಾಚೆ ಹುಣಸೆಮರ ದಾಟು, ಆಮೇಲೆ ನಾವು ಬತ್ತೀವಿ."

ಮುತ್ತನಿಗೆ ಮುಜುಗರವಾಯಿತು. ಜೋರಾಗಿ ತುಳಿದರೆ ಆಸೆಬುರುಕ ಅಂದಾರು, ನಿಧಾನ ಹೋದರೆ ಕೊಟ್ಟ ಅವಕಾಶ ಕಳೆದ ಅಂದಾರು. ಹೇಗೆ ತುಳಿದನೋ, ಮರ ದಾಟಿ ಬಹುದೂರ ಬಂದ. ತಿರುಗಿ ನೋಡಿದ. ಯಾರೂ ಇಲ್ಲ. ಇನ್ನಷ್ಟು ದೂರ ಹೋಗಿ ನೋಡಿದ. ಇಲ್ಲ. ಆನೆ ಮತ್ತೆ ಬಂತೇ? ತಟ್ಟನೆ ಸೈಕಲ್ ತಿರುಗಿಸಿದ.

ತಿರುವಿನಲ್ಲಿ ಇಬ್ಬರೂ ಎದುರಿಗೆ ಬಂದು ಸರ್ರನೆ ದಾಟಿಹೋದರು. "ಯಾಕ್ಲಾ ಈ ಕಡೆ?" ಎಂದು ಕೂಗಿದ ನಂಜುಂಡಸ್ವಾಮಿ ನಿಲ್ಲಲಿಲ್ಲ. ಮುತ್ತ ಮತ್ತೆ ತಿರುಗಿಸಿ ತುಳಿದ. ಊರ ಹತ್ತಿರ ಚಿಕ್ಕಮಾದುವನ್ನು ಹಿಂದೆ ಹಾಕಿದ. ನಂಜುಂಡಸ್ವಾಮಿ ಸಿಗಲಿಲ್ಲ.

ಕೊರಳಿಗೆ ಹಾರ ಬಿದ್ದ ಕೂಡಲೇ ನಂಜುಂಡಸ್ವಾಮಿ ಅದನ್ನು ತೆಗೆದು ಮುತ್ತನಿಗೆ ಹಾಕಲು ಹೋದ.

"ಗೆದ್ದೋನು ಹಾಕ್ಕೋಬೇಕು ಕಣಯ್ಯಾ," ಎಂದರು ಹೆಡ್‌ಮಾಸ್ಟರು.

"ಯಾರು ಗೆದ್ದಿದ್ದು ಅಂತ ನಂಗೇ ಗೊತ್ತಾಯ್ತಿಲ್ಲ ಸಾ."

ಕಪ್ ನಂಜುಂಡಸ್ವಾಮಿಗೇ ಹೋಯಿತು. ಸಂಜೆ ಅವನು ಹಾಸ್ಟೆಲಿನವರೆಗೂ ಮುತ್ತನ ಜೊತೆ ಸೈಕಲ್ ತಳ್ಳಿಕೊಂಡು ಬಂದ.

"ಯಾಕ್ಲಾ ವಾಪಸ್ ಬಂದೆ?"

"ನೀವು ಬರ್ನಿಲ್ವಲ್ಲ. ಆನೆ ಇಡ್ಕಂತೇನೋ ಅನ್ಕಂಡೆ."

"ನೀ ಮರ ದಾಟಿದ್ಯೋ ಇಲ್ವೋ ಅಂತ ನಾವಿಬ್ರೂ ಜಗಳಾಡ್ತಿದ್ದೋ ಕಣ್ಲಾ." ಸೈಕಲ್ ನಿಲ್ಲಿಸಿ ಕೇಳಿದ: "ತಿರುವಲ್ಲಿ ನಿನ್ನ ಕಂಡಾಗ ನಾನು ಬ್ರೇಕ್ ಇಡೀಬೇಕಿತ್ತಾ?"

ಮುತ್ತ ಯೋಚಿಸಿದ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವನಿಗೆ ಹೊಳೆಯಲಿಲ್ಲ.

"ಗೊತ್ತಿಲ್ಲ. ನೀ ನಿಂತಿದ್ರೆ ನಾನೂ ನಿಂತ್ಕತಿದ್ದೆ. ಚಿಕ್ಕಮಾದು ಗೆಲ್ತಿದ್ದ."

ಇಬ್ಬರೂ ನಕ್ಕರು. ನಗುತ್ತಲೇ ಮುತ್ತನ ಕಣ್ಣಲ್ಲಿ ನೀರು ಬಂತು. ತೋಳಿನಿಂದ ಒರೆಸಿಕೊಂಡು, ಅಡುಗೆಯವರಿಗೆ ಸೈಕಲ್ ವಾಪಸು ಕೊಡಲು ಒಳಗೆ ಹೋದ.